ಹೆಂಗಸರ ರವಿವಾರ

ನಾಡು ಒಂದಾಯಿತೆಂದು ಗದಗಿನಲ್ಲಿ ಮೆರವಣಿಗೆ ನಡೆದ ವಾರವೇ ಬೆಟಗೇರಿಯ ಪ್ರಾರ್ಥನಾಲಯದಲ್ಲಿ ಪಾದ್ರಿ ಅಯ್ಯನವರು ಇನ್ನೊಂದು ಸುದ್ದಿ ಹೇಳಿದರು. ಪ್ರಸಂಗ ಮುಗಿಸಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಈ ತಿಂಗಳ ಕೊನೆಯ ರವಿವಾರದ ಆರಾಧನೆಯನ್ನು ಹೆಂಗಸರೇ ನಡೆಸಬೇಕು ಎಂದರು. ಕೀರ್ತನೆ ಹಚ್ಚುವವರು ಅವರೇ, ಸತ್ಯವೇದ ಓದುವವರು ಅವರೇ, ನಿಂತು ಮಾತಾಡುವವರೂ ಅವರೇ.

"ಮತಾ ಹಾಕಾಕ ಹೆಂಗಸರು ಬರ್ತಾರ. ಹೊಲಕ್ಕ ಬರ್ತಾರ, ಮಗ್ಗಕ್ಕ ಬರ್ತಾರ. ಈ ಕಟ್ಟಿ ಮ್ಯಾಲ ಕಸಾ ಹೊಡಿಯಾಕ ಮಾತ್ರ ಹತ್ತತಾರ. ಅದೊಂದು ದಿನಾನರ ಅವರನ್ನ ಗೌರವಿಸೋಣು, ಅವರಿಗೊಂದೀಟು ಧೈರ್ಯ ಕೊಡೋಣು" ಎಂದರು.

ಗಂಡಸರ ಕಡೆ ಇಬ್ಬರು ಮೂವರು ಕೆಮ್ಮಿದರು. ಹೆಂಗಸರ ಕಡೆ ಎಲ್ಲರ ತಲೆಗಳೂ ಮರಿಯವ್ವನತ್ತ ತಿರುಗಿದವು. ಬುಧವಾರದ ಹೆಂಗಸರ ಕೂಟಕ್ಕೆ ಅವಳೇ ಮುಖ್ಯಸ್ಥಳು. ಅವಳ ಗಂಡ ಪುಂಡಲೀಕಪ್ಪ ಸಭೆಯ ಹಿರಿಯರಲ್ಲೊಬ್ಬ. ಮರಿಯವ್ವ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತ ಕುಳಿತಳು. ಒಳಗೊಳಗೆ ಮಾತ್ರ ಎದೆ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತ್ತು.

ಮನೆಗೆ ಬಂದು ಊಟಕ್ಕೆ ಕುಳಿತಾಗ ಪುಂಡಲೀಕಪ್ಪನ ಮೊದಲ ಮಾತೇ ಅದು.

"ಹೆಂಗಸರ ನಡಸ್ತೀರಿ, ಆತು. ಅವತ್ತ ಮನ್ಯಾಗ ರೊಟ್ಟಿ ಯಾರು ಬಡೀತಾರ?"

"ನೀವ ಬಡೀರಿ" ಎಂದಳು ಮರಿಯವ್ವ.

ಒಳಕೋಣೆಯಿಂದ ಮಗಳು ಅಮೃತವ್ವ ಕಿಸಕ್ಕನೆ ನಕ್ಕಳು. ಅವಳು ಹಿರಿಯ ಮಗುವನ್ನು ಅತ್ತೆಯ ಬಳಿ ಬಿಟ್ಟು ಎರಡನೇ ಹೆರಿಗೆಗೆಂದು ಮುಂಡರಗಿಯಿಂದ ತವರಿಗೆ ಬಂದವಳು, ಗಂಡು ಹೆತ್ತು ಇನ್ನೂ ಹೊರಸಿನ ಮೇಲಿದ್ದ ಬಾಣಂತಿ. ಮಗ ಸಕ್ರಪ್ಪ ತಾಟಿನ ಮೇಲೆ ಬಾಗಿ ಝುಣಕ ಕಲಿಸುತ್ತ ತಾನೂ ತುಟಿಯಂಚಿನಲ್ಲಿ ನಕ್ಕ. ಒಲೆಯ ಮುಂದಿದ್ದ ಸೊಸೆ ದೇವವ್ವ ಬಿಸಿ ರೊಟ್ಟಿಯೊಂದನ್ನು ತಂದು ಮಾವನ ತಾಟಿಗೆ ಹಾಕಿ ಹೋದಳು. ಅವಳು ಲಕ್ಷ್ಮೇಶ್ವರದವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದ್ದಳು. ಮದುವೆಯಾಗಿ ಎಂಟು ವರ್ಷ, ಮಕ್ಕಳಿರಲಿಲ್ಲ.

ಆ ಮನೆ ನಡೆಯುತ್ತಿದ್ದುದೇ ಅವಳ ಕೈಮೇಲೆ. ಪುಂಡಲೀಕಪ್ಪನ ಕಣ್ಣು ಮಂದವಾದ ಮೇಲೆ ಕುಣಿಮಗ್ಗಕ್ಕೆ ಇಳಿಯುವವನು ಸಕ್ರಪ್ಪನೊಬ್ಬನೇ. ಅವನ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವವಳು ದೇವವ್ವ. ಬೆಳಗಾಗುವ ಮೊದಲೇ ಎದ್ದು ಬಾಣಂತಿಗೆ ಹಂಡೆ ತುಂಬ ನೀರು ಕಾಯಿಸುವವಳು, ಕೂಸಿಗೆ ಎಣ್ಣೆ ತಿಕ್ಕಿ ಎರೆದು ಧೂಪ ಹಾಕುವವಳು, ಹೆತ್ತವಳಿಗೆ ಅಂಟಿನುಂಡಿ ಕಟ್ಟುವವಳು, ಮಧ್ಯಾಹ್ನ ರಾಟಿಯ ಮುಂದೆ ಕೂರುವವಳು ಎಲ್ಲ ಅವಳೇ. ಮರಿಯವ್ವ ಇದನ್ನು ಕಾಣದವಳಲ್ಲ. ನಾಲ್ಕು ಜನರ ಮುಂದೆ "ನಮ್ಮ ದೇವವ್ವನಂಥಾ ಸೊಸಿ ಈ ಓಣ್ಯಾಗ ಇಲ್ಲ" ಎಂದು ಹೇಳಿ, ಕೊನೆಗೊಂದು ನಿಟ್ಟುಸಿರು ಬಿಡುತ್ತಿದ್ದಳು. ಆ ನಿಟ್ಟುಸಿರು ಯಾತಕ್ಕೆಂದು ನಾಲ್ಕೂ ಜನಕ್ಕೆ ಗೊತ್ತಿತ್ತು.

ಬುಧವಾರ ಕೂಟ ಮರಿಯವ್ವನ ಪಡಸಾಲೆಯಲ್ಲೇ ಸೇರಿತು. ಚಾಪೆ ಸಾಲದೆ ಮಗ್ಗದ ಕಟ್ಟೆಯ ಮೇಲೂ ಹೆಂಗಸರು ಕುಳಿತರು. ಅಯ್ಯನವರ ಹೆಂಡತಿ ಬಂದಿದ್ದರು, ಎಲ್ಲರಿಗಿಂತ ಹಿರಿಯಳಾದ ಕರೆವ್ವ ಬಂದಿದ್ದಳು. ಯಾವ ಕೀರ್ತನೆ ಮೊದಲು, ಯಾರು ಕಾಣಿಕೆ ಎತ್ತಬೇಕು, ಎಲ್ಲರೂ ಬಿಳಿ ಸೀರೆ ಉಡಬೇಕೋ ಇದ್ದದ್ದನ್ನೇ ಉಡಬೇಕೋ ಎಂದು ಒಂದು ತಾಸು ಮಾತು ನಡೆಯಿತು. ಬಿಳಿ ಸೀರೆಯ ಮಾತು ಬಂದಾಗ ಕರೆವ್ವ, "ಬಿಳೀ ಸೀರಿ ನನಗೆಲ್ಲೈತಿ? ಹೂಳುವಾಗ ಹೊಚ್ಚಾಕ ಒಂದು ಇಟ್ಟೀನಿ" ಎಂದು ಎಲ್ಲರನ್ನೂ ನಗಿಸಿದಳು.

ಆಗ ಮರಿಯವ್ವ ರಾತ್ರಿಯೆಲ್ಲ ಯೋಚಿಸಿಟ್ಟಿದ್ದನ್ನು ಹೇಳಿದಳು.

"ಕಡೀಕ ಹೆತ್ತ ತಾಯಂದ್ರೆಲ್ಲಾ ಎದ್ದು ನಿಂದರಬೇಕು. ಮಕ್ಕಳು ಬಂದು ಅವರ ಕೈಯಾಗ ಒಂದೊಂದು ಸೇವಂತಿಗಿ ಕೊಡಬೇಕು. ಗಂಡಸರೆಲ್ಲಾ ನೋಡಲಿ."

"ಭಾಳ ಚಂದ ಆಗತೈತಿ" ಎಂದರು ಅಯ್ಯನವರ ಹೆಂಡತಿ.

"ಆಮ್ಯಾಲ ಮಕ್ಕಳಿಲ್ಲದವರ ಸಲುವಾಗಿ ಒಂದು ವಿಶೇಷ ಪ್ರಾರ್ಥನಿ. ವೇದಪಾಠ ನಮ್ಮ ದೇವವ್ವ ಓದಲಿ. ಅಕಿ ಓದಿದಂಗ ಓದವರು ನಮ್ಮೊಳಗ ಯಾರದಾರ? ಮಕ್ಕಳಿಲ್ಲದಾಕಿ ದೇವಾಲಯದಾಗ ಅತ್ತು ಕರದು ಮಗನ್ನ ಪಡದಳಲ್ಲ, ಆ ಅಧ್ಯಾಯ. ಅಕಿ ಬಾಯಿಲೆ ಅದನ್ನ ಕೇಳಿದ್ರ ಕಲ್ಲೂ ಕರಗತೈತಿ."

ಮರಿಯವ್ವ ಇದನ್ನು ಪ್ರೀತಿಯಿಂದಲೇ ಹೇಳಿದ್ದಳು. ದೇವವ್ವ ಆಗಷ್ಟೇ ಚಹಾದ ಕಪ್ಪುಗಳ ತಾಟು ಹಿಡಿದು ಅಡುಗೆಮನೆಯ ಬಾಗಿಲು ದಾಟಿದ್ದಳು. ತಾಟನ್ನು ಪಡಸಾಲೆಯ ನಡುವೆ ನೆಲಕ್ಕಿಟ್ಟಳು.

"ನಾ ಓದಂಗಿಲ್ರಿ" ಎಂದಳು.

"ಯಾಕವಾ? ನಾಚಿಕಿ ಏನ?"

"ಓದಾಕ ನಾಚಿಕಿ ಇಲ್ರಿ. ನೀವು ನನ್ನ ಕಡಿಂದ ಓದಸಾಕತ್ತಿಲ್ಲ, ನನ್ನ ನಿಂದರಿಸಿ ತೋರಸಾಕತ್ತೀರಿ."

ಹೇಳಿ ಒಳಗೆ ಹೋದಳು. ಚಹಾ ಹಂಚಲು ಯಾರೂ ಏಳಲಿಲ್ಲ. ಕೂಸು ಅತ್ತಿತು. ಹೆಂಗಸರು ಒಬ್ಬೊಬ್ಬರಾಗಿ, ಮನೆಯಲ್ಲಿ ಹಾಲು ಉಕ್ಕುತ್ತದೆ, ಎಮ್ಮೆ ಬರುವ ಹೊತ್ತಾಯಿತು ಎಂದು ಎದ್ದು ನಡೆದರು.

ಸಂಜೆ ಒಲೆಯ ಮುಂದೆ ಮಾತಿಗೆ ಮಾತು ಬೆಳೆಯಿತು.

"ಬಂದವರ ಮುಂದ ನನ್ನ ಮಾನ ಕಳದಿ."

"ನಿಮ್ಮ ಮಾನ ಕಳೆಯೂ ಮಾತು ನಾ ಏನಂದೆ ಅತ್ತಿ? ಓದಂಗಿಲ್ಲ ಅಂದೆ."

"ನಿನ್ನ ಸಲುವಾಗಿ ಮೊಣಕಾಲೂರಿ ಊರಿ ನನ್ನ ಮೊಣಕಾಲು ಸವದಾವು. ಗೊತ್ತೈತೇನು?"

"ಊರ್ರಿ ಅಂತ ನಾ ಹೇಳಿದ್ನೇನ್ರಿ?"

ಮರಿಯವ್ವನಿಗೆ ತಡೆಯಲಾಗಲಿಲ್ಲ. "ಒಂದು ಹೆತ್ತಿದ್ರ ತಿಳೀತಿತ್ತು ನಿನಗ, ಹೆತ್ತ ಹೊಟ್ಟಿ ಸಂಕಟ ಏನಂತ."

ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಹೊಗೆಯೆದ್ದಿತು. ದೇವವ್ವ ಅದನ್ನು ಬರಿಗೈಯಿಂದಲೇ ತೆಗೆದು ಬದಿಗಿಟ್ಟಳು. ಉಳಿದ ಹಿಟ್ಟನ್ನೆಲ್ಲ ಬಡಿದು ಮುಗಿಸಿ, ಕೈ ತೊಳೆದು, "ಅಮೃತವ್ವನ ಕಷಾಯ ಒಲಿ ಮ್ಯಾಲ ಐತ್ರಿ, ಉಕ್ಕೀತು, ನೋಡ್ರಿ" ಎಂದಷ್ಟೇ ಹೇಳಿ ಎದ್ದಳು. ಆ ರಾತ್ರಿ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಬಾಣಂತಿಯ ನೀರು ಕಾಯಿಸಿಟ್ಟು, ಎರಡು ಸೀರೆ ಗಂಟು ಕಟ್ಟಿಕೊಂಡು ಹೊರಟಳು. ಸಕ್ರಪ್ಪನೇ ಗಂಟು ಹಿಡಿದು ಜೊತೆಗೆ ನಡೆದ.

ಅವನು ತಿರುಗಿ ಬಂದಾಗ ಮರಿಯವ್ವ ಬಾಗಿಲಲ್ಲೇ ನಿಂತಿದ್ದಳು.

"ಕರಕೊಂಡ ಬರ್ತಿ ಅಂದ್ಕೊಂಡಿದ್ದೆ. ಲಕ್ಷ್ಮೇಶ್ವರದ ಬಸ್ಸಿಗೆ ನೀನ ಹತ್ತಿಸಿ ಬಂದೀಯೇನಲೇ?"

"ಹೌದು."

"ಗಂಡಸಾಗಿ ಹೇಂತಿಗೆ ಒಂದು ಮಾತು ಅನ್ನೂ ತಾಕತ್ತಿಲ್ಲ ನಿನಗ?"

ಸಕ್ರಪ್ಪ ಮಗ್ಗದ ಕುಣಿಗೆ ಇಳಿಯಲಿಲ್ಲ. ಅದರಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತ. ಅವನು ಹೆಚ್ಚು ಮಾತಿನವನಲ್ಲ. ಅಂದು ಮಾತ್ರ ಒಂದೇ ಉಸಿರಿಗೆ ಹೇಳಿದ.

"ಗಂಡಸಾಗಿ ನಾ ಮಾಡಿದ್ದು ಕೇಳ ಯವ್ವಾ. ಹಿಂದಕ ಅಕಿ ದವಾಖಾನಿಗೆ ಹೋಗಿದ್ಳಲ್ಲ, ಆಗ ಡಾಕ್ಟರಬಾಯಿ ತಪಾಸ ಮಾಡಿ, ನಿಂದೇನೂ ದೋಷ ಕಾಣವಲ್ದು, ನಿನ್ನ ಗಂಡನ್ನ ಕಳಿಸು ಅಂದ್ರಂತ. ನಾ ಹೋಗಲಿಲ್ಲ. ಮಗ್ಗದ ಮ್ಯಾಲ ಹಾಸು ಅರ್ಧಾ ಐತಿ ಅಂದೆ. ಆಮ್ಯಾಲ ದೀಪಾವಳಿ ಸೀರಿ ನೇಯೂದೈತಿ ಅಂದೆ. ನನಗ ಅಂಜಿಕಿ ಆಗಿತ್ತು. ಅಕಿ ಇದನ್ನ ಯಾರ ಮುಂದೂ ಆಡಿಲ್ಲ. ನಿನ್ನ ಮುಂದೂ ಆಡಿಲ್ಲ."

ಮರಿಯವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಚಹಾ ಕುಡೀತಿಯೇನು?" ಎಂದು ಕೇಳಿದಳು.

"ಬ್ಯಾಡ" ಎಂದ ಸಕ್ರಪ್ಪ.

ಅಂದಿನಿಂದ ಮನೆಯ ಬಂಡಿ ಒಂದು ಗಾಲಿ ಕಳಚಿದಂತೆ ಕುಂಟತೊಡಗಿತು. ಮರಿಯವ್ವ ಕತ್ತಲಿರುವಾಗಲೇ ಎದ್ದು ಹಂಡೆಗೆ ನೀರು ಹೊತ್ತಳು. ಸೊಂಟ ಹಿಡಿಯಿತು. ಕೂಸನ್ನು ಎರೆಯಲು ಕಾಲ ಮೇಲೆ ಹಾಕಿಕೊಂಡರೆ ಮೊಣಕಾಲು ಅಲುಗಿ, ನೀರು ಕೂಸಿನ ಮೂಗಿಗೆ ಹೋಗಿ ಅದು ಚೀರಿ ಓಣಿ ಎಬ್ಬಿಸಿತು. ರೊಟ್ಟಿ ಬಡಿಯುವಷ್ಟರಲ್ಲಿ ಪಲ್ಯ ಹೊತ್ತುತ್ತಿತ್ತು. ಕಂಡಿಕೆ ಸುತ್ತುವವರಿಲ್ಲದೆ ಸಕ್ರಪ್ಪ ತಾನೇ ರಾಟಿ ತಿರುವಿ, ತಾನೇ ನೇಯಬೇಕಾಯಿತು. ಮಗ್ಗದ ಸದ್ದು ನಡುನಡುವೆ ನಿಂತು ಹೋಗುತ್ತಿತ್ತು. ಆ ಸದ್ದು ನಿಂತಾಗಲೆಲ್ಲ ಪುಂಡಲೀಕಪ್ಪ ಹೊರಗಿನಿಂದ, "ಏನಾತೋ?" ಎಂದು ಕೇಳುತ್ತಿದ್ದ.

"ಕಂಡಕಿ ತೀರಿತು" ಎನ್ನುತ್ತಿದ್ದ ಸಕ್ರಪ್ಪ.

ಒಂದು ಮಧ್ಯಾಹ್ನ ಅಂಟಿನುಂಡಿ ಡಬ್ಬಿ ಬರಿದಾಗಿತ್ತು. ಹೊಸದು ಕಟ್ಟಲು ಮರಿಯವ್ವನ ಕೈಯಲ್ಲಿ ತ್ರಾಣವಿರಲಿಲ್ಲ. ಅಮೃತವ್ವ ಕೂಸಿಗೆ ಹಾಲು ಕೊಡುತ್ತಲೇ ಹೇಳಿದಳು.

"ಯವ್ವಾ, ದೇವವ್ವ ವೈನೀನ ಕರಕೊಂಡ ಬಾ."

"ತಾನಾಗಿ ಹೋದಾಕಿ. ತಾನಾಗಿ ಬರ್ತಾಳ."

"ತಾನಾಗಿ ಹೋಗಿಲ್ಲ, ನೀ ಕಳಿಸಿದಿ. ನಾ ಇಲ್ಲೆ ಹೊರಸಿನ ಮ್ಯಾಲಿದ್ದೆ, ಎಲ್ಲಾ ಕೇಳಸ್ತು. ಈ ಕೂಸು ಹುಟ್ಟಿದ ರಾತ್ರಿ ನನ್ನ ಬೆನ್ನ ಹಿಡದು ಕುಂತಾಕಿ ಯಾರು? ನೀನಾ? ನೀ ಆ ಮೂಲ್ಯಾಗ ಪ್ರಾರ್ಥನಿ ಮಾಡ್ಕೋಂತ ಕುಂತಿದ್ದಿ. ಸೂಲಗಿತ್ತಿ ಕೂಸಿನ್ನ ಮೊದಲು ಅಕಿ ಕೈಯಾಗ ಕೊಟ್ಟಳು. ಅದನ್ನ ಹಿಡಕೊಂಡಾಗ ವೈನಿ ಮಾರಿ ನೀ ನೋಡಿಲ್ಲ. ನಾ ನೋಡೀನಿ."

"ನೀ ಸುಮ್ಮನಿರು. ಬಾಣಂತಿ ಭಾಳ ಮಾತಾಡಬಾರದು" ಎಂದು ಮರಿಯವ್ವ ಎದ್ದು ಹೊರಗೆ ಬಂದಳು.

ಕಂಡಿಕೆ ಸುತ್ತಿಕೊಡಲು ಯಾರನ್ನಾದರೂ ಗೊತ್ತು ಮಾಡೋಣವೆಂದು ಅವಳು ಹೋದದ್ದು ಕರೆವ್ವನ ಮನೆಗೆ. ಕರೆವ್ವ ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಬರುತ್ತೇನೆ, ನಾಲ್ಕು ದಿನ ಸುತ್ತಿ ಕೊಡುತ್ತೇನೆ ಎಂದು ಒಪ್ಪಿಕೊಂಡು, ಆಮೇಲೆ ಮೆಲ್ಲಗೆ ಕೇಳಿದಳು.

"ಮರಿಯವ್ವಾ, ಅವತ್ತಿನಿಂದ ಒಂದು ಮಾತು ಕೇಳಬೇಕು ಅಂದ್ಕೊಂಡೀನಿ. ಹೆತ್ತವರು ಎದ್ದು ನಿಂದರಲಿ ಅಂದ್ಯಲ್ಲ. ನಾ ಏಳಬೇಕೋ, ಕುಂದರಬೇಕೋ?"

ಮರಿಯವ್ವ ಅವಳ ಎದುರಿಗೆ ಕುಕ್ಕರಿಸಿದಳು.

"ನಾಕು ಹೆತ್ತೀನಿ. ಎರಡು ಪ್ಲೇಗಿನ್ಯಾಗ ಹೋದ್ವು. ಒಂದು ನಡಿಯಾಕ ಕಲಿಯೂದ್ರಾಗ ಹೋತು. ಹಿರೇ ಮಗ ಸೊಲ್ಲಾಪುರದ ಗಿರಣ್ಯಾಗ ಕೆಲಸಕ್ಕಿದ್ದಾಗ ಹೋದ, ಮಾರೀನೂ ನೋಡಲಿಲ್ಲ. ಎದ್ದು ನಿಂತೆ ಅಂತ ತಿಳಕೊ. ಎಲ್ಲಾರ ಕೈಯಾಗ ಅವರವರ ಮಕ್ಕಳು ಹೂವು ಕೊಡ್ತಾರ. ನನ್ನ ಮುಂದ ಬರವರು ಯಾರು? ಕುಂತೆ ಅಂತ ತಿಳಕೊ. ಆ ನಾಕೂ ನಾ ಹೆತ್ತಿಲ್ಲ ಅಂದಂಗ ಆಗತೈತಿ." ಕರೆವ್ವ ಸಿಟ್ಟಿನಿಂದ ಹೇಳಿರಲಿಲ್ಲ. ಮೆಣಸಿನ ಬೀಜ ಹತ್ತಿದ ಕೈಯನ್ನು ಮೊರದ ಅಂಚಿಗೆ ಒರೆಸಿಕೊಂಡಳು. "ನಿನ್ನ ಕೇಳಿದ್ರ ತಿಳೀತೈತಿ ಅಂತ ಕೇಳಿದೆ."

ಕರೆವ್ವನ ಮಕ್ಕಳ ವಿಷಯ ಮರಿಯವ್ವನಿಗೆ ಗೊತ್ತಿಲ್ಲದ್ದೇನಲ್ಲ. ನಡೆಯಲು ಕಲಿಯುತ್ತಿದ್ದ ಕೂಸನ್ನು ಮಣ್ಣು ಮಾಡಿದ ದಿನ ಅವಳೇ ಅಂಬಲಿ ಕಾಯಿಸಿ ಒಯ್ದಿದ್ದಳು. ಹಾಗಿದ್ದೂ ಕೂಟದಲ್ಲಿ ಎದುರಿಗೇ ಕುಳಿತವಳ ನೆನಪು ಆಗಲಿಲ್ಲವಲ್ಲ ಎಂದು ಅವಳಿಗೆ ಮೈಯೆಲ್ಲ ಸಣ್ಣದಾಯಿತು. ಮೊರವನ್ನು ತನ್ನತ್ತ ಎಳೆದುಕೊಂಡು ತಾನೂ ತೊಟ್ಟು ಮುರಿಯತೊಡಗಿದಳು. ಕತ್ತಲಾಗುವವರೆಗೆ ಅಲ್ಲೇ ಕುಳಿತಿದ್ದಳು.

ಮರುದಿನ ಕರೆವ್ವನನ್ನು ರಾಟಿಯ ಮುಂದೆ ಕೂರಿಸಿ, ಮರಿಯವ್ವ ಲಕ್ಷ್ಮೇಶ್ವರದ ಬಸ್ಸು ಹತ್ತಿದಳು.

ದೇವವ್ವನ ಅಣ್ಣ ಅಂದಪ್ಪ ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳಿನಂಗಡಿಯೊಂದರಲ್ಲಿ ತೂಕ ಮಾಡುವವನು. ಮನೆ ಪೇಟೆಯ ಹಿಂದಿನ ಸಂದಿಯಲ್ಲಿ. ಅವನು ಬಾಗಿಲಲ್ಲಿ ಬೀಗತಿಯನ್ನು ಕಂಡು ಗಡಬಡಿಸಿ ಎದ್ದು, ರುಮಾಲು ಸುತ್ತಿಕೊಂಡು, "ಬರ್ರಿ, ಬರ್ರಿ, ಕುಂಡ್ರಿ" ಎಂದು ಕಂಬಳಿ ಹಾಸಿದ. ಅವನ ಹೆಂಡತಿ ಕಾಲಿಗೆ ನೀರು ಕೊಟ್ಟಳು. ಹಳೆಯ ಸುಖದುಃಖದ ಮಾತೆಲ್ಲ ಆಡಿ, ಅಂದಪ್ಪ ಅಂಗಡಿಗೆ ಹೊತ್ತಾಯಿತೆಂದು ಹೊರಟ. ಹೋಗುವಾಗ, "ಅಕೀನ್ನ ಕಳಸೂದಿಲ್ಲ ಅನ್ನಾಂವ ನಾ ಅಲ್ಲ. ಹೋಗು ಅನ್ನಾಂವನೂ ಅಲ್ರಿ. ಅಕಿ ಹೆಂಗ ಅಂತಾಳ ಹಂಗ" ಎಂದ.

ಹಿತ್ತಲಲ್ಲಿ ದೇವವ್ವ ಜೋಳ ಹಸನು ಮಾಡುತ್ತಿದ್ದಳು. ಅತ್ತೆಯನ್ನು ಕಂಡು ಎದ್ದು ನಿಂತಳು, ಮತ್ತೆ ಕುಳಿತಳು. ಮರಿಯವ್ವ ಎದುರಿಗೆ ಕುಳಿತು ಹಿಡಿ ಜೋಳ ತೆಗೆದುಕೊಂಡು ಕಲ್ಲು ಆರಿಸಿದಳು.

"ಕೂಸು ಹೆಂಗೈತ್ರಿ?"

"ನನ್ನ ಕೈಯಾಗ ಎರಕೊಳ್ಳಾಕ ಅಂಜತೈತಿ."

ದೇವವ್ವ ನಗಲಿಲ್ಲ, ಆದರೆ ಮೊರ ಕೇರುವುದನ್ನು ಸ್ವಲ್ಪ ನಿಧಾನ ಮಾಡಿದಳು.

"ಅವತ್ತ ನಾ ಅಂದ ಮಾತು ಅನ್ನಬಾರದಿತ್ತು, ದೇವವ್ವಾ."

"ಅಂದ್ರಿ."

"ಅಂದೆ. ಅದಕ್ಕ ಬಂದೀನಿ."

ದೇವವ್ವ ಮೊರ ಕೇರುತ್ತಲೇ ತಾನಾಗಿ ಮಾತು ಶುರುಮಾಡಿದಳು.

"ಅದೊಂದು ಮಾತಿಗೆ ನಾ ಬಂದಿಲ್ರಿ ಅತ್ತಿ. ಬುಧವಾರ ಕೂಟದಾಗ ನನ್ನ ಹೆಸರು ಹಿಡದು ಪ್ರಾರ್ಥನಿ ಮಾಡಸ್ತೀರಿ. ರವಿವಾರ ಸಭಾದಾಗ ಮಾವಾರು ಎದ್ದು ನನ್ನ ಹೆಸರು ತಗೀತಾರ. ಆಮೆನ್ ಅಂದು ಕಣ್ಣು ತಗದ ಮ್ಯಾಲ ಎಲ್ಲಾರೂ ನೋಡೂದು ನನ್ನ ಹೊಟ್ಟೀನ. ಹೋದ ವರ್ಷ ಜ್ವರ ಬಂದು ವಾಂತಿ ಮಾಡ್ಕೊಂಡ್ರ ಓಣ್ಯಾಗಿನವರು ಬಂದು ಬಂದು ಕೇಳಿ ಹೋದ್ರು. ಅಲ್ರಿ, ಬರೇ ಜ್ವರ ಅಂದ್ರ ಅವರ ಮಾರಿ ಸಣ್ಣದಾಗತಿತ್ತು. ಎಂಟು ವರ್ಷ ಅದನ್ನ ಕೂಗಿ ಹೇಳಾಕ ದೇವರೇನು ಕಿವುಡನೇನ್ರಿ?"

ಮರಿಯವ್ವನ ಕೈಯಲ್ಲಿದ್ದ ಜೋಳ ಜಾರಿತು. ಬೈದಿದ್ದು ತಪ್ಪೆಂದು ಅವಳಿಗೆ ಗೊತ್ತಾಗಿತ್ತು. ಪ್ರಾರ್ಥನೆಯೂ ಹೀಗೆ ತಾಗುತ್ತದೆಂದು ಹೊಳೆದಿರಲಿಲ್ಲ.

"ಪ್ರಾರ್ಥನೀನೂ ಬ್ಯಾಡ ಅಂತೀಯೇನ?"

"ಬ್ಯಾಡ ಅನ್ನಾಕ ನಾ ಯಾರು? ಮಾಡ್ರಿ. ಒಬ್ಬರ ಕುಂತು ಮನಸಿನ್ಯಾಗ ಮಾಡ್ರಿ. ನಾಕು ಮಂದ್ಯಾಗ ನನ್ನ ಹೆಸರು ತಗೀಬ್ಯಾಡ್ರಿ."

"ಸಕ್ರ್ಯಾ ಹೇಳಿದ. ದವಾಖಾನಿ ಸುದ್ದಿ."

ದೇವವ್ವನ ಕೈ ನಿಂತಿತು. "ಅವರು ಹೇಳಬಾರದಿತ್ತು."

"ನೀ ಯಾಕ ಹೇಳಲಿಲ್ಲ ನನಗ? ಇಷ್ಟ ದಿನಾ ನಾ ನಿನ್ನ ಅನಕೋಂತ ಬಂದೀನಿ. ಒಂದು ಮಾತು ಹೇಳಿದ್ರ ನನ್ನ ಬಾಯಿ ಬಂದ್ ಆಗತಿತ್ತು."

"ಎಲ್ಲೀ ಬಂದ್ ಆಗ್ತಿತ್ರಿ? ಹೇಳಿದ್ರ ಬುಧವಾರ ಅವರ ಹೆಸರೂ ಕೂಗ್ತಿದ್ರಿ."

ಮರಿಯವ್ವ ಬೈಯಲೆಂದೇ ಬಾಯಿ ತೆರೆದಳು. ಬಂದದ್ದು ನಗು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಹೌದು, ಕೂಗುತ್ತಿದ್ದಳು. ಮೊದಲ ಬುಧವಾರವೇ ಕೂಗುತ್ತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಖರೆ ಐತಿ" ಎಂದಳು.

ಊಟದ ಹೊತ್ತಿಗೆ ಅಂದಪ್ಪನ ಹೆಂಡತಿ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಉಂಡ ಮೇಲೆ ಮರಿಯವ್ವ, ಹೊರಡುತ್ತೀಯಾ ಎಂದು ಕೇಳಿದಳು. ಶುಕ್ರವಾರ ಬರುತ್ತೇನೆ ಎಂದಳು ದೇವವ್ವ. ಬಸ್ಸಿನವರೆಗೆ ಕಳಿಸಲು ಬಂದಾಗ, ದಾರಿಯಲ್ಲಿ, ಅವಳೇ ಮತ್ತೆ ಆರಾಧನೆಯ ಮಾತೆತ್ತಿದಳು.

"ಓದಾಕ ನನಗ ಮನಸೈತ್ರಿ. ಆದ್ರ ಅಧ್ಯಾಯ ನಾ ಆರಿಸ್ತೀನಿ. ಹೆಂಗಸರು ಹೊತ್ತು ಹುಟ್ಟೂ ಮೊದಲ ಸ್ವಾಮಿಯ ಗೋರಿಗೆ ಹೋಗಿ, ಗೋರಿ ಖಾಲಿ ಐತಿ ಅಂತ ಬಂದು ಹೇಳಿದ್ರ, ಗಂಡಸರು ನಂಬಲಿಲ್ಲ, ಹುಚ್ಚ ಮಾತು ಅಂದ್ರಲ್ಲ, ಅದು."

"ಅದನ್ನ ಓದಿದ್ರ ಹಿರ್ಯಾರು ಉರೀತಾರ."

"ವೇದದಾಗ ಐತ್ರಿ. ನಾ ಬರದಿಲ್ಲ."

ಬೆಟಗೇರಿಗೆ ಮರಳಿದ ಮರಿಯವ್ವ ಕೂಟ ಕರೆದು, ಹೆತ್ತವರನ್ನು ನಿಲ್ಲಿಸುವ ಮಾತು ಕೈಬಿಟ್ಟೆ ಎಂದಳು. ಅಯ್ಯನವರ ಹೆಂಡತಿಗೆ ಬೇಸರವಾಯಿತು. ಆಗಲೇ ಹೂವಿಗೆ ಹೇಳಿದ್ದಾಗಿದೆ ಎಂದರು. "ಹೂವು ಬರಲಿ. ಮಂದಿರದಾಗ ಇದ್ದ ಹೆಂಗಸರಿಗೆಲ್ಲಾ ಒಂದೊಂದು ಕೊಡೋಣು. ಹೆತ್ತಾಕಿ, ಹೆರದಾಕಿ, ಮದುವಿ ಆದಾಕಿ, ಆಗದಾಕಿ, ಯಾರೂ ಏಳೂದು ಬ್ಯಾಡ, ಯಾರೂ ಕುಂದ್ರೂದು ಬ್ಯಾಡ" ಎಂದಳು ಮರಿಯವ್ವ. ವಿಶೇಷ ಪ್ರಾರ್ಥನೆಯೂ ಇಲ್ಲವೆಂದಳು. ಯಾಕೆ ಎಂದು ಇಬ್ಬರು ಕೇಳಿದರು. ಅವಳು ಯಾವ ಕೀರ್ತನೆ ಯಾರು ಹಚ್ಚಬೇಕೆಂಬ ಮಾತಿಗೆ ಹೊರಳಿದಳು.

ತೊಂದರೆ ಬಂದದ್ದು ಹಿರಿಯರ ಕಡೆಯಿಂದ. ಎಲ್ಲವನ್ನೂ ಹೆಂಗಸರಿಗೇ ಬಿಟ್ಟರೆ ಹೇಗೆ, ಕೊನೆಯ ಪ್ರಾರ್ಥನೆಯನ್ನಾದರೂ ಹಿರಿಯನೊಬ್ಬ ಮಾಡಬೇಕು ಎಂದು ಅವರು ಹಟ ಹಿಡಿದರು. ಅಯ್ಯನವರು ಸೋತು ಒಪ್ಪಿಕೊಂಡರು. ಪ್ರಾರ್ಥನೆ ಮಾಡುವ ಪಾಳಿ ಪುಂಡಲೀಕಪ್ಪನದಾಯಿತು.

ಶುಕ್ರವಾರ ದೇವವ್ವ ಬಂದಳು. ಬಂದವಳೇ ಮಲಗಿದ್ದ ಕೂಸನ್ನು ಎತ್ತಿಕೊಂಡು, ಕಂಕುಳ ಸಂದಿ ಕೆಂಪಾಗಿದೆಯೆಂದು ಬೈದು, ಎಣ್ಣೆ ಕಾಯಿಸಿದಳು. ಸಕ್ರಪ್ಪ ಮಗ್ಗದ ಕುಣಿಯಿಂದಲೇ ತಲೆಯೆತ್ತಿ ನೋಡಿದ. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ಬಿಡದೆ ಕೇಳತೊಡಗಿತು.

ಅಂದು ಸಂಜೆ ಮರಿಯವ್ವ ಗಂಡನ ಬಳಿ ಕುಳಿತು ಹೇಳಿದಳು.

"ರವಿವಾರ ಪ್ರಾರ್ಥನ್ಯಾಗ ದೇವವ್ವನ ಸುದ್ದಿ ಎತ್ತಬ್ಯಾಡ್ರಿ."

"ಯಾಕ?"

"ಅಕಿಗೆ ಬ್ಯಾಡಾಗೇತಿ."

"ನಮ್ಮ ಮನೀ ಮಗಳಂಥಾ ಸೊಸಿ ಅಕಿ. ಅಕಿ ಸಲುವಾಗಿ ದೇವರ ಹತ್ರ ಕೇಳಾಕ ನನಗೇನು ನಾಚಿಕಿ?"

"ನಿಮಗಿಲ್ಲ. ಅಕಿಗೈತಿ."

ಪುಂಡಲೀಕಪ್ಪ ತಲೆ ಕೆರೆದುಕೊಂಡ. ಅವನು ಕೆಟ್ಟವನಲ್ಲ. ಸೊಸೆಗೆಂದು ಪೇಟೆಯಿಂದ ಬರುವಾಗ ಪೇರಲಹಣ್ಣು ತರುವವನು. "ನೋಡೋಣು" ಎಂದ. ನೋಡೋಣವೆಂದರೆ ಏನರ್ಥವೆಂದು ಮೂವತ್ತು ವರ್ಷ ಅವನ ಜೊತೆ ಬಾಳಿದ ಮರಿಯವ್ವನಿಗೂ ತಿಳಿಯಲಿಲ್ಲ.

ರವಿವಾರ ಪ್ರಾರ್ಥನಾಲಯ ತುಂಬಿತ್ತು. ಕ್ರಿಸ್ಮಸ್ಸಿಗೆ ಮಾತ್ರ ಬರುವವರೂ ಬಂದಿದ್ದರು. ಹೆಂಗಸರು ಇದ್ದದ್ದರಲ್ಲೇ ಒಗೆದ ಸೀರೆ ಉಟ್ಟಿದ್ದರು. ಮೊದಲ ಕೀರ್ತನೆ ಸ್ವಲ್ಪ ಎತ್ತರಕ್ಕೆ ಹತ್ತಿ, ನಡುವೆ ಉಸಿರು ಸಿಗದೆ ಇಳಿದು, ಹೇಗೋ ದಡ ಸೇರಿತು. ಗಂಡಸರಲ್ಲಿ ಒಬ್ಬಿಬ್ಬರು ನಕ್ಕರು. ದೇವವ್ವ ಓದಲು ಎದ್ದಾಗ ಆ ನಗು ನಿಂತಿತು. ಅವಳು ಗಡಿಬಿಡಿಯಿಲ್ಲದೆ, ಒಂದೊಂದೇ ಮಾತು ಇಳಿಸುತ್ತ ಓದಿದಳು. ಗಂಡಸರು ನಂಬದ ಆ ಸಾಲು ಬಂದಾಗ ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬ ಹಿರಿಯ ಮಾತ್ರ ಕುಳಿತಲ್ಲೇ ಹೊರಳಾಡಿದ.

ಆಮೇಲೆ ಮರಿಯವ್ವ ಮಾತಾಡಿದಳು. ಕಲಿತಿಟ್ಟ ಮಾತೆಲ್ಲ ಮರೆತುಹೋಯಿತು. ಕಣ್ಣಿಗೆ ಕಂಡವರ ಹೆಸರು ಹೇಳುತ್ತ ಹೋದಳು. ಈ ಮಂದಿರದ ದೀಪಕ್ಕೆ ಎಣ್ಣೆ ಹಾಕುವವಳು ಇವಳು, ಹೆಣಕ್ಕೆ ಸ್ನಾನ ಮಾಡಿಸುವವಳು ಇವಳು, ನಮ್ಮ ಮಕ್ಕಳಿಗೆ ಅಕ್ಷರ ಕಲಿಸುವವಳು ಇವಳು ಎಂದಳು. ಒಬ್ಬಳ ಮಕ್ಕಳ ಲೆಕ್ಕವನ್ನೂ ಹೇಳಲಿಲ್ಲ. ಸೊಸೆಯ ಹೆಸರು ಬಂದಾಗ, "ಇಕಿ ಈಗಷ್ಟ ಓದಿದಳು. ನಮ್ಮ ಕಿವಿ ಇನ್ನೂ ಕೇಳಾಕತ್ತಾವು" ಎಂದಷ್ಟೇ ಹೇಳಿ ಮುಂದೆ ಹೋದಳು. ಮಕ್ಕಳು ಬುಟ್ಟಿ ಹಿಡಿದು ಸೇವಂತಿಗೆ ಹಂಚಿದರು. ಕರೆವ್ವನ ಕೈಗೆ ಮೊದಲು ಬಂತು. ಅವಳು ಅದನ್ನು ಮೂಸಿ, ಮಡಿಲಲ್ಲಿ ಇಟ್ಟುಕೊಂಡಳು.

ಕೊನೆಗೆ ಪುಂಡಲೀಕಪ್ಪ ಎದ್ದ. ಎಲ್ಲರೂ ಕಣ್ಣು ಮುಚ್ಚಿದರು. ಒಂದಾದ ನಾಡಿಗಾಗಿ ಬೇಡಿಕೊಂಡ, ಮಳೆಗಾಗಿ, ನೂಲಿನ ದರಕ್ಕಾಗಿ, ಕಾಯಿಲೆಯವರಿಗಾಗಿ ಬೇಡಿಕೊಂಡ. ಹೆಂಗಸರನ್ನು ಕೊಟ್ಟದ್ದಕ್ಕಾಗಿ ದೇವರಿಗೆ ಉಪಕಾರ ಹೇಳಿದ. ಮುಗಿಯಿತೆಂದು ಮರಿಯವ್ವ ಉಸಿರು ಬಿಡುವಷ್ಟರಲ್ಲಿ ಅವನ ದನಿ ಮೆತ್ತಗಾಯಿತು.

"ಇನ್ನ ನಮ್ಮ ನಡುವ ಒಬ್ಬ ಮಗಳದಾಳ ಸ್ವಾಮಿ. ನಮ್ಮ ಮನ್ಯಾಗ ಎಂಟು ವರ್ಷ..."

ಮರಿಯವ್ವ ಕಣ್ಣು ತೆರೆದಳು. ಪಕ್ಕದಲ್ಲಿ ದೇವವ್ವ ತಲೆ ತಗ್ಗಿಸಿ, ಕೈಯಲ್ಲಿದ್ದ ಸೇವಂತಿಗೆಯ ಎಸಳುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಕಿವಿಯ ತುದಿ ಕೆಂಪಾಗಿತ್ತು.

ಮರಿಯವ್ವ ಎದ್ದು ನಿಂತು ಕೀರ್ತನೆ ಹಚ್ಚಿಬಿಟ್ಟಳು.

ಯಾವ ಕೀರ್ತನೆಯೆಂದು ಯೋಚಿಸಲಿಲ್ಲ, ಬಾಯಿಗೆ ಬಂದದ್ದನ್ನು ಹಚ್ಚಿದಳು. ಒಂದು ಸಾಲಿನವರೆಗೆ ಅವಳ ದನಿಯೊಂದೇ ಮಂದಿರದ ತುಂಬ ಕೇಳಿತು. ಗಂಡಸರು ಕಣ್ಣು ತೆರೆದು ಒಬ್ಬರ ಮುಖ ಒಬ್ಬರು ನೋಡಿದರು. ಪುಂಡಲೀಕಪ್ಪ 'ಎಂಟು ವರ್ಷ' ಎಂಬಲ್ಲೇ ಬಾಯಿ ತೆರೆದು ನಿಂತಿದ್ದ. ಎರಡನೇ ಸಾಲಿಗೆ ಕರೆವ್ವ ತನ್ನ ಒಡಕು ದನಿ ಕೂಡಿಸಿದಳು. ಮೂರನೆಯದಕ್ಕೆ ಹೆಂಗಸರೆಲ್ಲ ಎದ್ದು ನಿಂತಿದ್ದರು. ಅಯ್ಯನವರು ಒಂದು ಗಳಿಗೆ ಗೊಂದಲಗೊಂಡು, ಆಮೇಲೆ ತಾವೂ ಹಾಡತೊಡಗಿದರು. ಪುಂಡಲೀಕಪ್ಪ ಯಾವಾಗ ಆಮೆನ್ ಅಂದನೋ ಯಾರಿಗೂ ಕೇಳಲಿಲ್ಲ. ಮರಿಯವ್ವನಿಗೆ ಕೇಳಿಸಿದ್ದು ಪಕ್ಕದಿಂದ ಬಂದ ದನಿಯೊಂದೇ. ದೇವವ್ವ ಹಾಡುತ್ತಿದ್ದಳು.

ಅವತ್ತು ಮನೆಯಲ್ಲಿ ಊಟ ತಡವಾಯಿತು. ಬೆಳಿಗ್ಗೆಯೇ ಅತ್ತೆ ಸೊಸೆ ಕೂಡಿ ರೊಟ್ಟಿ ಬಡಿದಿಟ್ಟಿದ್ದರು. ಅಮೃತವ್ವ ಎದ್ದು ಕೂತು ಬೇಳೆ ಕುದಿಯಲು ಇಟ್ಟಿದ್ದಳು. "ಹಾಡು ಮನೀತನಕ ಕೇಳಸ್ತು ಯವ್ವಾ. ಕೂಸು ಎದ್ದ ಬಿಡ್ತು" ಎಂದಳು. ಪುಂಡಲೀಕಪ್ಪ ಅರ್ಧ ರೊಟ್ಟಿ ಉಂಡ ಮೇಲೆ ಹೆಂಡತಿಯನ್ನು ಕೇಳಿದ.

"ನನ್ನ ಪ್ರಾರ್ಥನಿ ಮುಗಿಯೂ ಮೊದಲ ಹಾಡ ಯಾಕ ಹಚ್ಚಿದಿ?"

"ಮುಗೀತು ಅಂದ್ಕೊಂಡೆ" ಎಂದಳು ಮರಿಯವ್ವ, ಬೇಳೆ ಬಡಿಸುತ್ತ.

"ಮುಗಿದಿರಲಿಲ್ಲ."

"ನನಗ ಮುಗಿದಂಗ ಕೇಳಸ್ತು."

ದೇವವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಹೆಗಲು ಅಲುಗುತ್ತಿತ್ತು. ಸಕ್ರಪ್ಪ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಆಮೇಲೆ ತಾಟಿನತ್ತ ನೋಡುತ್ತ ಹೇಳಿದ.

"ನಾಳೆ ಮುಂಜಾನಿ ಮಗ್ಗ ಇಲ್ಲಪ್ಪಾ. ದವಾಖಾನಿಗೆ ಹೋಗೂದೈತಿ."

"ಯಾರಿಗೇನಾತು?"

"ನಾನ ತೋರಿಸ್ಕೊಂಡು ಬರ್ತೀನಿ. ಅಕಿಗೆ ಯಾವಾಗೋ ಹೇಳಿದ್ರು, ಗಂಡನ್ನ ಕಳಿಸು ಅಂತ."

ಪುಂಡಲೀಕಪ್ಪ ಮಗನನ್ನು ನೋಡಿದ, ಬಾಗಿಲಲ್ಲಿದ್ದ ಸೊಸೆಯನ್ನು ನೋಡಿದ. ಅವಳು ನಗು ನಿಲ್ಲಿಸಿ ಗಂಡನನ್ನೇ ನೋಡುತ್ತಿದ್ದಳು. ಮಾತು ನಿಧಾನವಾಗಿ ಮುದುಕನ ತಲೆಗೆ ಇಳಿಯಿತು. ರೊಟ್ಟಿಯ ತುತ್ತನ್ನು ತಾಟಿಗೆ ಹಾಕಿ, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ದೊಡ್ಡ ದನಿಯಲ್ಲಿ, "ಸ್ವಾಮೀ..." ಎಂದ.

ಮರಿಯವ್ವ ಬೇಳೆಯ ಸೌಟನ್ನು ಪಾತ್ರೆಯ ಅಂಚಿಗೆ ಟಣ್ಣೆಂದು ಬಡಿದಳು.

ಪುಂಡಲೀಕಪ್ಪ ಒಂದು ಕಣ್ಣು ತೆರೆದು ಹೆಂಡತಿಯನ್ನು ನೋಡಿದ. ಆಮೇಲೆ ಮತ್ತೆ ಕಣ್ಣು ಮುಚ್ಚಿಕೊಂಡ.

"ಆತು ಬಿಡು" ಎಂದ. "ಮನಸಿನ್ಯಾಗ ಮಾಡ್ತೀನಿ."